ಕಾಣದೆ ಹೋದ ಕೆಂಪು ಹನಿ

ರಾಯಚೂರಿನ ಬಿಸಿಲಿಗೆ ಮೊದಲಿನಿಂದಲೂ ಒಳ್ಳೆಯ ಹೆಸರಿಲ್ಲ. ಈ ಕಥೆ ನಡೆಯುವ ಕಾಲಕ್ಕಂತೂ ಅದು ಊರಿನ ದಿನವನ್ನೇ ಎರಡು ತುಂಡು ಮಾಡಿಬಿಟ್ಟಿತ್ತು. ಬೆಳಗ್ಗೆ ಹತ್ತಕ್ಕೆ ನಗರದ ಸೈರನ್ ಕೂಗಿದರೆ ಅಂಗಡಿ, ಶಾಲೆ, ಕಚೇರಿ ಎಲ್ಲದರ ಕದ ಮುಚ್ಚಬೇಕು. ಸಂಜೆ ಐದಕ್ಕೆ ಮತ್ತೆ ಕೂಗಿದರೆ ತೆರೆಯಬೇಕು. ನಡುವಿನ ಹೊತ್ತಿಗೆ ಜನ ‘ಕದದ ಹೊತ್ತು’ ಎಂದು ಹೆಸರಿಟ್ಟುಕೊಂಡಿದ್ದರು. ಆಗ ಬಾಗಿಲಿಗೆ ಒದ್ದೆ ಕೌದಿ ಇಳಿಬಿಟ್ಟು, ಒಳಗೆ ನೆಲದ ಮೇಲೆ ಮಲಗಿ, ಮಾತು ಕಡಿಮೆ ಮಾಡಿ, ಮಜ್ಜಿಗೆ ಕುಡಿಯುತ್ತ ಕಾಲ ಕಳೆಯುವುದು. ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುತ್ತಾನೆ. ಮದುವೆಗಳು ನಸುಕಿಗೆ ಸರಿದವು, ಸಂತೆ ಸಂಜೆಗೆ ಸರಿಯಿತು, ಜಗಳಗಳು ಮಾತ್ರ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ ಉಳಿದುಕೊಂಡವು.

ಒಗ್ಗದೆ ಉಳಿದದ್ದು ಒಂದೇ ಒಂದು. ಮೈ ಎಷ್ಟೇ ಬಿಸಿಯಾದರೂ ಬೆವರು ಬರುತ್ತಿರುವ ತನಕ ದೇಹ ತನ್ನನ್ನು ತಾನು ತಣಿಸಿಕೊಳ್ಳುತ್ತದೆ. ಬೆವರು ನಿಂತಿತೋ, ಕೆಲಸ ಕೆಟ್ಟಂತೆ. ಅಷ್ಟರಲ್ಲಿ ಬುದ್ಧಿಯೂ ಮಂಕಾಗಿರುವುದರಿಂದ ತನಗೆ ಏನಾಗುತ್ತಿದೆ ಎಂಬುದು ಆ ಮನುಷ್ಯನಿಗೆ ತಿಳಿಯುವುದಿಲ್ಲ. ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವನು ಮಲಗಿದಲ್ಲೇ ಉಳಿಯುತ್ತಾನೆ. ಹಾಗಾದರೆ, ಒಬ್ಬನ ಬೆವರು ನಿಂತದ್ದು ಅವನಿಗಿಂತ ಮೊದಲು ಅವನ ಓಣಿಗೆ ಗೊತ್ತಾಗುವಂತೆ ಮಾಡಿದರೆ? ಆ ಪ್ರಶ್ನೆಯಿಂದ ಬೆವರುಬಿಲ್ಲೆ ಹುಟ್ಟಿತು.

ಬಿಲ್ಲೆ ಎಂದರೆ ಗುಂಡಿಯಷ್ಟಗಲದ ಒಂದು ಅಂಟು. ಕೊರಳೆಲುಬಿನ ಕೆಳಗೆ ಅಂಟಿಸಿಕೊಂಡರೆ ಚರ್ಮದ ಬಿಸಿಯನ್ನೂ ತೇವವನ್ನೂ ಓದಿ ನಗರದ ತಾಪಕೇಂದ್ರಕ್ಕೆ ಕಳಿಸುತ್ತಿತ್ತು. ಮೊದಲ ವರ್ಷ ಅಪಾಯ ಬಂದಾಗಲೆಲ್ಲ ಮನೆಯಲ್ಲೇ ಗಂಟೆ ಬಾರಿಸುವ ಏರ್ಪಾಡು ಮಾಡಿದ್ದರು. ಅದು ಒಲೆ ಮುಂದೆ ಕೂತವರಿಗೂ ಬಾರಿಸತೊಡಗಿದಾಗ ಜನ ಬೇಸತ್ತು ಗಂಟೆಗಳಿಗೆ ಬಟ್ಟೆ ತುರುಕಿದರು. ಗುರುತಿನವರು ಬಂದು ಕದ ತಟ್ಟಿದರೆ ಮಾತ್ರ ಏಳುತ್ತಾರೆ ಎಂದು ಕಂಡುಕೊಂಡ ಮೇಲೆ ಓಣಿಗೊಬ್ಬ ಹೆಂಗಸನ್ನು ನೇಮಿಸಿ, ಕೈಗೊಂದು ಫೋನು ಕೊಟ್ಟರು. ಅವಳು ಓಣಿಯಕ್ಕ. ಫೋನಿನಲ್ಲಿ ಓಣಿಯ ಪ್ರತಿಯೊಬ್ಬರಿಗೂ ಒಂದೊಂದು ಸಾಲು: ಹೆಸರು, ಮೈಬಿಸಿ, ಮತ್ತು ಬೆವರು ನಿಂತಾಗ ಮಾತ್ರ ಹೆಸರಿನ ಪಕ್ಕ ಮೂಡುವ ಒಂದು ಕೆಂಪು ಹನಿ. ಹನಿ ಕಂಡರೆ ಓಣಿಯಕ್ಕ ಒದ್ದೆ ಕೌದಿ ಹೊದ್ದು, ಕೊಡ ಹಿಡಿದು ಆ ಮನೆಗೆ ಹೋಗುತ್ತಿದ್ದಳು. ಹನಿ ಬಂದಿದೆ ಎನ್ನುತ್ತಿರಲಿಲ್ಲ, ಕೇಳಿದವರ ಎದೆ ಒಡೆದೀತೆಂದು. ‘ನೀರು ತಂದೀನಿ’ ಎನ್ನುತ್ತಿದ್ದಳು. ಆ ಮಾತು ಕೇಳಿ ಬದುಕಿದವರು ಊರಲ್ಲಿ ಬೇಕಾದಷ್ಟು ಜನರಿದ್ದರು.

ಕಲ್ಲುಬಾವಿ ಓಣಿಯ ಜಂಬಣ್ಣನಿಗೆ ಆ ಮಾತು ಕೇಳಿಸಲಿಲ್ಲ.

ಗಿರಣಿಯಲ್ಲಿ ಕೂಲಿ ಮಾಡುವ ಜಂಬಣ್ಣ ಕದದ ಹೊತ್ತಿನಲ್ಲಿ ಒಬ್ಬನೇ ಮಲಗಿದ್ದ. ಹೆಂಡತಿ ಸುಗಲಮ್ಮ ತಂಗಿಯ ಮನೆಗೆ ಹೋದವಳು ಸಂಜೆಯ ಸೈರನ್ನಿಗೆ ಹಿಂದಿರುಗಿ ನೋಡಿದರೆ ಗಂಡನಿಗೆ ಎಚ್ಚರವಿಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಆದರೆ ಮಾತು ಇನ್ನೂ ತೊದಲುತ್ತಿತ್ತು. ಓಣಿಯಕ್ಕ ಹಲೀಮಾಬಿ ಅತ್ತ ಹೋಗಿರಲೇ ಇಲ್ಲ. ಹಿಂದಿನ ವಾರ ಅವಳಿಗೂ ಸುಗಲಮ್ಮನಿಗೂ ನಲ್ಲಿಯ ಹತ್ತಿರ ಕೊಡ ಸರಿಸಿದ್ದಕ್ಕೆ ಜೋರು ಜಗಳವಾಗಿತ್ತು. ಓಣಿಗೆ ಇಷ್ಟು ಸಾಕಾಯಿತು.

“ಆಯಮ್ಮ ಹನಿ ನೋಡೇ ನೋಡ್ಯಾಳ,” ಎಂದರು ತಾಪಕೇಂದ್ರದ ಮುಖ್ಯಸ್ಥ ರೇವಣಸಿದ್ಧ. ಗೋಡೆಯಗಲದ ಪರದೆಯ ಮುಂದೆ ನಿಂತು ಬೆರಳು ತೋರಿಸುತ್ತಿದ್ದರು. “ಬಿಲ್ಲೆ ಸರಿ ಅದ. ಹನಿ ಕಳಿಸಿದ್ದು ಅದ. ಫೋನಿಗೆ ಮುಟ್ಟಿದ್ದು ಅದ. ಅಷ್ಟ ಅಲ್ಲ, ಆಕಿ ಪರದೆ ಮ್ಯಾಲ ಜಂಬಣ್ಣನ ಸಾಲು ಬಂದದ್ದೂ ಅದ. ಇನ್ನೇನು ಬೇಕು? ನಾಡಿದ್ದು ಮುಂಜಾನೆ ಓಣಿ ಸಭೆ ಕರೆದೀನಿ. ಫೋನು ವಾಪಸ್ ತಗೊಳ್ಳೋದು.”

ಹೇಳುತ್ತಿದ್ದುದು ನೀಲಗಂಗಾಳಿಗೆ. ಓಣಿಯಕ್ಕಂದಿರ ಫೋನಿನ ಆ್ಯಪನ್ನು ನೋಡಿಕೊಳ್ಳುವವಳು ಅವಳು. ಅವಳ ಕೆಲಸವೇ ಸಂಶಯಪಡುವುದು. ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ ಮನೆಯಲ್ಲಿ ಉಪ್ಪು ಹಾಕಿದೆ ಎಂದು ಯಾರಾದರೂ ಹೇಳಿದರೂ ಒಮ್ಮೆ ರುಚಿ ನೋಡಿಯೇ ನಂಬುತ್ತಿದ್ದಳು.

“ಆಕಿ ಏನಂತಾಳ್ರಿ?”

“ಹನಿ ಇದ್ದಿಲ್ಲ ಅಂತಾಳ.”

“ಮತ್ತ ಇದ್ದಿಲ್ಲೇನೋ.”

ರೇವಣಸಿದ್ಧ ಸಿಟ್ಟಾಗುವ ಮನುಷ್ಯರಲ್ಲ. ಎರಡು ತಿಂಗಳ ಹಿಂದೆ ತಾಯಿ ತೀರಿಕೊಂಡ ಮೇಲಂತೂ ಮಾತೇ ಕಡಿಮೆಯಾಗಿತ್ತು. ಸುಮ್ಮನೆ ದೊಡ್ಡ ಪರದೆಯ ಮೇಲೆ ಕಲ್ಲುಬಾವಿ ಓಣಿಯನ್ನು ತೆರೆದು ಆ ದಿನದ ಹೊತ್ತಿಗೆ ಹಿಂದೆ ಹೋದರು. ಓಣಿಯ ಹೆಸರುಗಳೆಲ್ಲ ಒಂದೇ ನೋಟಕ್ಕೆ ಹರಡಿಕೊಂಡವು. ಜಂಬಣ್ಣನ ಹೆಸರಿನ ಪಕ್ಕದಲ್ಲಿ ಹನಿ ಕೆಂಪಗೆ ನಿಂತಿತ್ತು. ಮಕ್ಕಳೂ ಗುರುತಿಸುವಷ್ಟು ಕೆಂಪಗೆ.

ನೀಲಗಂಗಾ ತನ್ನ ಮೇಜಿನ ಪರೀಕ್ಷೆಯ ಫೋನು ತೆಗೆದು, ಅದನ್ನೂ ಆ ದಿನದ ಹೊತ್ತಿಗೆ ಒಯ್ದು, ಹುಡುಕುವ ಜಾಗದಲ್ಲಿ ಜಂಬಣ್ಣನ ಹೆಸರು ಬರೆದಳು. ಒಂದೇ ಸಾಲು ಬಂತು, ಹನಿಯ ಸಮೇತ. ಇನ್ನೊಂದು ಫೋನಿನಲ್ಲಿ ನೋಡಿದಳು. ಅಲ್ಲೂ ಹನಿ. ಆ್ಯಪಿನಲ್ಲಿ ಸಾಲು ಸಿದ್ಧಪಡಿಸುವ ಭಾಗವನ್ನು ತೆರೆದು ಓದಿದಳು. ಬೆವರು ನಿಂತರೆ ಹನಿಗೆ ಕೆಂಪು ತುಂಬು, ಬೆವರು ಬರುತ್ತಿದ್ದರೆ ಬಣ್ಣ ತೆಗೆ. ಆ ಮನುಷ್ಯ ತೀರಿಕೊಂಡಿದ್ದರೆ ಹನಿಯನ್ನೇ ಮರೆಮಾಡು. ಎಲ್ಲವೂ ನ್ಯಾಯವಾಗಿಯೇ ಇತ್ತು. ಎಲ್ಲವೂ ನ್ಯಾಯವಾಗಿರುವಾಗ ತಪ್ಪಿತಸ್ಥಳು ಹಲೀಮಾಬಿಯೇ ಆಗುತ್ತಾಳೆ. ನೀಲಗಂಗಾಳಿಗೆ ಅದು ಹಿಡಿಸಲಿಲ್ಲ. ಜಗಳವಾಡಿದ ಮನೆಯವನು ಸಾಯಲಿ ಎಂದು ಫೋನು ಬದಿಗಿಟ್ಟು ಕೂತ ಹೆಂಗಸನ್ನು ಅವಳಿಗೆ ಕಣ್ಣ ಮುಂದೆ ತಂದುಕೊಳ್ಳಲು ಆಗುತ್ತಲೇ ಇರಲಿಲ್ಲ.

ಸೈರನ್ ಕೂಗುವ ಮೊದಲು ಮನೆ ಸೇರಿದಳು. ಅತ್ತೆ ಕಲ್ಲಮ್ಮ ಬಾಗಿಲ ಕೌದಿಗೆ ನೀರು ಚಿಮುಕಿಸುತ್ತ ನಿಂತಿದ್ದಳು. ಆ ಮನೆಯಲ್ಲಿ ಕೌದಿಯ ಅಧಿಕಾರ ಪೂರ್ತಿ ಅವಳದು. ಹಳೆಯ ಸೀರೆಗಳನ್ನು ಕೂಡಿಸಿ ಅವಳೇ ಹೊಲಿದದ್ದು. ಗಾಳಿ ಯಾವ ಕಡೆಯಿಂದ ಬಂದರೆ ಯಾವ ಕೌದಿ ತೂಗಬೇಕೆಂಬ ಲೆಕ್ಕವೂ ಅವಳದೇ.

“ಕಲ್ಲುಬಾವಿ ಓಣಿ ಸುದ್ದಿ ಏನಾತು?” ಎಂದು ಮಜ್ಜಿಗೆ ಕೊಡುತ್ತ ಕೇಳಿದಳು.

“ಏನೂ ಆಗಿಲ್ಲತ್ತಿ. ಹನಿ ಹೋಗ್ಯದ ಅಂತ ಯಂತ್ರ ಹೇಳತದ, ಬಂದಿಲ್ಲ ಅಂತ ಆಕಿ ಹೇಳ್ತಾಳ.”

“ಯಂತ್ರದ್ದೂ ತಪ್ಪಿಲ್ಲ, ಆಕಿದೂ ತಪ್ಪಿಲ್ಲ. ಆ ಓಣ್ಯಾಗ ದರ್ಜಿ ನಿಂಗಪ್ಪ ಹೋದನಲ್ಲ, ಪಂಚಕದಾಗ ಹೋಗ್ಯಾನ. ಕೆಟ್ಟ ನಕ್ಷತ್ರ. ಅಂಥ ಹೊತ್ತಿನ್ಯಾಗ ಹೋದವರು ತಮ್ಮ ಸಂಗಾಟ ಇನ್ನೊಬ್ಬರನ್ನ ಎಳೀತಾರ. ಮೊನ್ನೆ ಕುಂಬಾರ ಓಣ್ಯಾಗೂ ಹಂಗ ಆತು. ಮುದುಕಿ ಹೋದ ವಾರಕ್ಕ ಮಗ್ಗಲ ಮನಿಯಾಕಿ ಬಿದ್ಲು. ಅಲ್ಲೂ ಹನಿ ಕಂಡಿಲ್ಲಂತ.”

ನೀಲಗಂಗಾ ನಕ್ಕಳು. ನಕ್ಕು ಲೋಟ ಕೆಳಗಿಟ್ಟಳು. ನಿಂಗಪ್ಪ ವಯಸ್ಸಾಗಿ, ಹಾಸಿಗೆಯ ಮೇಲೆ, ನೆಮ್ಮದಿಯಿಂದ ಹೋದವನು. ಅವನಿಗೆ ಜಂಬಣ್ಣನನ್ನು ಎಳೆದುಕೊಂಡು ಹೋಗುವ ದರ್ದು ಏನಿತ್ತು? ಆದರೆ ಕುಂಬಾರ ಓಣಿಯ ಸುದ್ದಿ ಅವಳಿಗೆ ಹೊಸದು. ಅಲ್ಲಿಯ ಓಣಿಯಕ್ಕ ತೂಕಡಿಸಿರಬೇಕೆಂದು ಕೇಂದ್ರದವರು ಆ ಪ್ರಕರಣ ಮುಚ್ಚಿದ್ದರು.

ಚಾಪೆಯ ಮೇಲೆ ಮಲಗಿಯೇ ಕೇಂದ್ರದ ದಾಖಲೆಗಳನ್ನು ತೆರೆದು, ಈ ಬೇಸಿಗೆಯಲ್ಲಿ ಯಾರೂ ಓಗೊಡದೆ ಹೋದ ಹನಿಗಳನ್ನೆಲ್ಲ ಹೆಕ್ಕಿದಳು. ಹೆಚ್ಚಿರಲಿಲ್ಲ, ಬೆರಳೆಣಿಕೆಯಷ್ಟು. ಒಂದೊಂದು ಓಣಿಯಲ್ಲೂ ಆ ಹೊತ್ತಿಗೆ ಸಾವಿನ ಮನೆ ಇತ್ತೇ ಎಂದು ನೋಡಿದಳು. ಇತ್ತು. ಮುಂದಿನದಕ್ಕೂ ಇತ್ತು. ಎಲ್ಲದಕ್ಕೂ ಇತ್ತು. ಇಷ್ಟು ವರ್ಷ ಓದಿದ ವಿಜ್ಞಾನ ಒಂದು ಕ್ಷಣ ಕಾಲಡಿಯಿಂದ ಸರಿದಂತಾಗಿ ಅವಳು ಎದ್ದು ಕೂತಳು. ಬಾಗಿಲಲ್ಲಿ ಕೌದಿ ಮೆಲ್ಲಗೆ ಆಡುತ್ತಿತ್ತು. ಕಲ್ಲಮ್ಮ ಗೊರಕೆ ಹೊಡೆಯುತ್ತಿದ್ದಳು. ಅವಳಿಗೇನು, ಕಾರಣ ಗೊತ್ತಿದ್ದವಳು.

ಸತ್ತವರು ಯಾರನ್ನೂ ಎಳೆಯುವುದಿಲ್ಲ, ಎಂದು ನೀಲಗಂಗಾ ತನಗೆ ತಾನೇ ಹೇಳಿಕೊಂಡಳು. ಆದರೆ ಸತ್ತವರ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಅದು ಓಣಿಗಳು ಹಟ ಹಿಡಿದು ಮಾಡಿಸಿಕೊಂಡದ್ದು. ಮೊದಲು ಜೀವ ಹೋದ ಕೂಡಲೇ ಹೆಸರು ಅಳಿಸುತ್ತಿದ್ದರು. ಹೆಣ ಅಂಗಳದಲ್ಲಿರುವಾಗಲೇ ಹೆಸರು ಅಳಿಸುತ್ತೀರಾ ಎಂದು ಜನ ಕೇಂದ್ರದ ಮುಂದೆ ಬಂದು ಕೂತರು. ಆಮೇಲೆ ನಿಯಮವಾಯಿತು: ಹದಿಮೂರನೆಯ ದಿನದ ತನಕ, ಮುಸಲ್ಮಾನರ ಮನೆಯಾದರೆ ನಲವತ್ತರ ತನಕ ಹೆಸರು ಇರಲಿ. ಕುಂಬಾರ ಓಣಿಯ ಮುದುಕಿಯ ಹೆಸರೂ ಇತ್ತು, ನಿಂಗಪ್ಪನದೂ ಇತ್ತು. ಹೆಸರು ಇದ್ದರೆ ಪಕ್ಕದವರ ಹನಿ ಯಾಕೆ ಹೋಗಬೇಕು? ಅದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಅವಳು ಜಂಬಣ್ಣನ ಬಿಲ್ಲೆಯನ್ನು ಚೀಲದಲ್ಲಿಟ್ಟುಕೊಂಡು ಕಲ್ಲುಬಾವಿ ಓಣಿಗೆ ಹೋದಳು. ಆಸ್ಪತ್ರೆಯವರು ಕಿತ್ತು ಕೇಂದ್ರಕ್ಕೆ ಒಪ್ಪಿಸಿದ್ದ ಬಿಲ್ಲೆ ಅದು. ಪಟ್ಟಿಯಲ್ಲಿ ಇನ್ನೂ ಅವನದೇ.

ಹಲೀಮಾಬಿ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಐವತ್ತರ ಹೆಂಗಸು, ಗಟ್ಟಿ ಮೈಕಟ್ಟು, ದೊಡ್ಡ ಗಂಟಲು. ಬೇರೆ ದಿನಗಳಲ್ಲಿ ಆ ಹೊತ್ತಿಗೆ ಕಟ್ಟೆ ತುಂಬ ಹೆಂಗಸರಿರುತ್ತಿದ್ದರು. ಈಗ ಎದುರು ಮನೆಯವಳು ಹಲೀಮಾಬಿಯನ್ನು ನೋಡಿ ಕಸಬರಿಗೆ ಹಿಡಿದು ಒಳಗೆ ಹೋದಳು.

“ಬರ್ರಿ. ನೀವರೆ ಬಂದ್ರಲ್ಲ,” ಎಂದಳು ಹಲೀಮಾಬಿ. “ನಿನ್ನೆ ಒಂದು ಮನಿಯಾಗ ಹನಿ ಬಂತು. ಹೋಗಿ ತಟ್ಟಿದೆ. ಒಳಗಿಂದ ಏನಂದ್ರು ಗೊತ್ತೇನ್ರಿ? ಯಾರರೆ ಬ್ಯಾರೆಯವರನ್ನ ಕಳಸು ಅಂದ್ರು. ಅಷ್ಟೊತ್ತಿನ್ಯಾಗ ಬ್ಯಾರೆಯವರನ್ನ ಎಲ್ಲಿಂದ ತರ್ಲಿ? ಕಿಡಕಿಯಾಗಿಂದ ನೀರು ಹೊಯ್ದು ಬಂದೆ. ಫೋನು ಹೋದ್ರ ಹೋಗ್ಲಿ. ನನ್ನ ಓಣಿ ನನಗ ಕದ ತಗಿಯೋದಿಲ್ಲ ಅಂದ್ರ ಹೆಂಗ ಇರ್ಲಿ ನಾನು?”

ಕಣ್ಣೀರು ಹಾಕುವ ಪೈಕಿ ಅವಳಲ್ಲ. ಆದರೆ ದೊಡ್ಡ ಗಂಟಲು ಅಷ್ಟು ಸಣ್ಣದಾದದ್ದನ್ನು ಕೇಳಿ ನೀಲಗಂಗಾಳಿಗೆ ಸಂಕಟವಾಯಿತು.

“ಅವತ್ತು ನೋಡಿದ್ದು ಹೆಂಗ ನೋಡಿದ್ರೋ, ಇವತ್ತೂ ಹಂಗ ನೋಡ್ರಿ. ನಾನು ನಡುವ ಮಾತಾಡೋದಿಲ್ಲ,” ಎಂದಳು.

ಅವಳು ಜಂಬಣ್ಣನ ಬಿಲ್ಲೆಯನ್ನು ಬಿಸಿಲು ಬಿದ್ದ ಕಲ್ಲಿನ ಮೇಲೆ ಒತ್ತಿಟ್ಟಳು. ಬಿಸಿ ಇದೆ, ತೇವ ಇಲ್ಲ. ಬಿಲ್ಲೆಯ ಪಾಲಿಗೆ ಕಲ್ಲೂ ಒಬ್ಬ ಬೆವರು ನಿಂತ ಮನುಷ್ಯ. ಸ್ವಲ್ಪ ಹೊತ್ತಿಗೆ ಕೇಂದ್ರದಿಂದ ಹನಿ ಹೊರಟಿತೆಂದು ಅವಳ ಕೈಯ ಪರೀಕ್ಷೆಯ ಫೋನು ತಿಳಿಸಿತು.

ಹಲೀಮಾಬಿ ತನ್ನ ಫೋನು ತೆಗೆದಳು. ಎಲ್ಲಕ್ಕಿಂತ ಮೇಲಿನ ಸಾಲು ನಿಂಗಪ್ಪನದು.

“ಇವರ ಹೆಸರು ಮ್ಯಾಲ ಯಾಕ ಬಂತು? ಇವರ ಮನಿ ಓಣಿ ಕಡೀಕಲ್ಲೇನು?” ಎಂದು ನೀಲಗಂಗಾ ತಡೆಯಲಾರದೆ ಕೇಳಿದಳು.

“ನಾನ ಮ್ಯಾಲ ಇಟ್ಟೀನ್ರಿ. ಸಾವಿನ ಮನ್ಯಾಗ ಒಲಿ ಹಚ್ಚೋದಿಲ್ಲ. ಅತ್ತು ಅತ್ತು ನೀರು ಕುಡಿಯೋದೂ ಮರೀತಾರ. ಅದಕ್ಕ ಮೊದಲು ಅವರ ಮನಿಯವರನ್ನ ನೋಡಿ ಮುಂದಕ್ಕ ಹೋಗೋದು. ಎಲ್ಲಾ ಓಣಿಯಕ್ಕಂದಿರೂ ಹಂಗ ಮಾಡ್ತೀವಿ.”

ಆ್ಯಪಿನಲ್ಲಿ ಸಾಲುಗಳನ್ನು ಮೇಲೆ ಕೆಳಗೆ ಮಾಡುವ ಸೌಕರ್ಯ ಇತ್ತು. ಅದನ್ನು ಯಾರು ಯಾತಕ್ಕೆ ಬಳಸುತ್ತಾರೆಂದು ಕೇಂದ್ರದಲ್ಲಿ ಯಾರೂ ಕೇಳಿರಲಿಲ್ಲ.

ಹಲೀಮಾಬಿ ಹೆಬ್ಬೆರಳಿನಿಂದ ಪಟ್ಟಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು. ನಿಂಗಪ್ಪನ ಸಾಲು ಪರದೆಯ ತುದಿಗೆ ಹೋಗಿ ಮರೆಯಾಯಿತು. ಅವನ ಹೆಂಡತಿ, ಮಗ, ಸೊಸೆ ಸಾಲಾಗಿ ಮೇಲೆ ಹೋದರು. ಕೆಳಗಿನಿಂದ ಹೊಸ ಹೆಸರುಗಳು ಬಂದವು. ಜಂಬಣ್ಣ ಬಂದ. ಪಕ್ಕದಲ್ಲಿ ಏನೂ ಇರಲಿಲ್ಲ. ಖಾಲಿ.

“ನೋಡ್ರಿ,” ಎಂದಳು ಹಲೀಮಾಬಿ. “ಅವತ್ತೂ ಹಿಂಗ ಇತ್ತು. ಅಲ್ಲಾನ ಆಣಿ.”

ನೀಲಗಂಗಾ ಅದೇ ಫೋನಿನಲ್ಲಿ ಹೆಸರು ಹುಡುಕಿದಳು. ಜಂಬಣ್ಣ ಹನಿಯ ಸಮೇತ ಬಂದ. ಹುಡುಕಾಟ ಬಿಟ್ಟು ಮತ್ತೆ ಮೇಲಿನಿಂದ ಹೆಬ್ಬೆರಳಲ್ಲಿ ತಳ್ಳಿದಳು. ಹನಿ ಇಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡಿಸಿದಳು. ಹನಿ ಬಂತು. ಮತ್ತೆ ಓಡಿಸಿದಳು. ಹೋಯಿತು. ನಿಂಗಪ್ಪನ ಸಾಲು ಮೇಲೆ ಮಾಯವಾಗುವುದನ್ನೂ ಜಂಬಣ್ಣನದು ಕೆಳಗೆ ಹುಟ್ಟುವುದನ್ನೂ ನೋಡುತ್ತ ನೋಡುತ್ತ ಅವಳ ಕೈ ನಿಂತಿತು. ಕಲ್ಲಮ್ಮ ಹೇಳಿದ್ದು ನಿಜವೇ ಆಗಿತ್ತು. ನಿಂಗಪ್ಪ ಜಂಬಣ್ಣನನ್ನು ಎಳೆದಿದ್ದ. ನಕ್ಷತ್ರದಿಂದಲ್ಲ, ಸಾಲಿನಿಂದ.

“ನೀವು ಸುಳ್ಳು ಹೇಳಿಲ್ಲ,” ಎಂದಳು ನೀಲಗಂಗಾ.

“ಅದು ನನಗ ಗೊತ್ತದ್ರಿ,” ಎಂದಳು ಹಲೀಮಾಬಿ. “ಓಣಿಗೆ ಹೇಳ್ರಿ.”

ಸಂಜೆಯ ಸೈರನ್ನಾದ ಮೇಲೆ ತಾಪಕೇಂದ್ರದಲ್ಲಿ ಅವಳು ಹಲೀಮಾಬಿಯ ಪಟ್ಟಿಯನ್ನೂ ಆ ದಿನದ ಹೊತ್ತನ್ನೂ ತುಂಬಿದ್ದ ಒಂದು ಫೋನನ್ನು ರೇವಣಸಿದ್ಧರ ಮುಂದೆ ಇಟ್ಟಳು. ದೊಡ್ಡ ಪರದೆಯ ಕಡೆ ತಿರುಗಿದ ಅವರನ್ನು ತಡೆದಳು.

“ಅದರಾಗ ಕಾಣೋದಿಲ್ರಿ. ಅದರಾಗ ಇಡೀ ಓಣಿ ಒಮ್ಮೆಲೇ ಹಿಡೀತದ, ಯಾವ ಸಾಲೂ ಹೊರಗ ಹೋಗೋದಿಲ್ಲ. ಫೋನಿನ್ಯಾಗ ಎಂಟೊಂಬತ್ತು ಸಾಲು ಅಷ್ಟ ಹಿಡೀತಾವ. ನೀವು ಮದುವಿ ಪಂಕ್ತಿ ನೋಡೀರಲ್ಲ. ಊರು ತುಂಬ ಜನ ಉಣ್ಣಾಕ ಬಂದ್ರೂ ಮನಿಯಾಗ ಇರೋವು ನಾಲ್ಕು ಡಜನ್ ತಾಟು. ಎದ್ದವರ ತಾಟು ತೊಳೆದು ಮುಂದಿನವರಿಗೆ ಇಡ್ತೀವಿ. ಫೋನೂ ಹಂಗ ಮಾಡ್ತದ. ಮ್ಯಾಲ ಹೋದವರ ಸಾಲನ್ನ ಕಿತ್ತು, ಹೆಸರು ಬದಲಿ ಮಾಡಿ, ಕೆಳಗ ಬಂದವರಿಗೆ ಕೊಡ್ತದ.”

“ಅದು ಗೊತ್ತಿದ್ದದ್ದ ಅಲ್ಲೇನು?”

“ಹೌದ್ರಿ. ಹೆಸರು ಬದಲಿ ಮಾಡ್ತೀವಿ, ಬಿಸಿ ಬದಲಿ ಮಾಡ್ತೀವಿ, ಹನಿಯ ಬಣ್ಣಾನೂ ಬದಲಿ ಮಾಡ್ತೀವಿ. ತೀರಿಕೊಂಡವರ ಸಾಲಾದ್ರ ಹನಿಯನ್ನ ಮರೆಮಾಡ್ತೀವಿ. ಆಮ್ಯಾಲ ಅದ ಸಾಲು ಬದುಕಿದ್ದವರಿಗೆ ಬಂದಾಗ, ಹನಿಯನ್ನ ತಿರುಗಿ ತೋರಿಸು ಅಂತ ನಾವು ಎಲ್ಲೂ ಹೇಳಿಲ್ಲ. ಹನಿ ಕೆಂಪಾಗೇ ಇರ್ತದ. ಮರೆಯಾಗ ಇರ್ತದ.”

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಹೇಳಿದ್ದನ್ನು ಅದು ಮಾಡಿತ್ತು, ಹೇಳದ್ದನ್ನು ಮಾಡಿರಲಿಲ್ಲ. ತಾಟು ತೊಳೆಯುವ ಹುಡುಗನಾದರೆ ಅಷ್ಟನ್ನಾದರೂ ತನ್ನ ತಲೆಯಿಂದ ಮಾಡಿಯಾನು.

ಅವಳು ಫೋನನ್ನು ಅವರ ಕೈಗೆ ಕೊಟ್ಟಳು. ರೇವಣಸಿದ್ಧ ಹೆಬ್ಬೆರಳಿನಿಂದ ತಳ್ಳಿದರು. ನಿಂಗಪ್ಪ ಹೋದ, ಜಂಬಣ್ಣ ಬಂದ, ಪಕ್ಕ ಖಾಲಿ. ಇನ್ನೊಮ್ಮೆ ತಳ್ಳಿದರು. ಮೂರನೆಯ ಸಲ ತಳ್ಳಲಿಲ್ಲ. ಫೋನನ್ನು ಮೇಜಿನ ಮೇಲೆ ಇಟ್ಟು ಕನ್ನಡಕ ತೆಗೆದರು.

“ಆ ಮರೆಮಾಡೋ ಸಾಲು ನಾನ ಬರೆದದ್ದು,” ಎಂದರು.

ನೀಲಗಂಗಾ ಅದನ್ನು ನಿರೀಕ್ಷಿಸಿರಲಿಲ್ಲ. ಮುಖ್ಯಸ್ಥರಾದ ಮೇಲೆ ಅವರು ಆ್ಯಪನ್ನು ಮುಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ.

“ಅವ್ವ ಹೋದಾಗ ಬಿಲ್ಲೆ ಮೈಮ್ಯಾಲನ ಇತ್ತು. ಯಾರಿಗೂ ಖಬರಿಲ್ಲ. ಅವ್ವನ ಹೆಸರಿನ ಮಗ್ಗಲ ಹನಿ ಬಂತು. ಬಂದದ್ದು ಹೋಗಲೇ ಇಲ್ಲ. ಮಣ್ಣು ಮಾಡಿ ಬಂದು ಫೋನು ನೋಡಿದ್ರೂ ಹನಿ. ನೀರು ಬೇಕು, ನೀರು ಬೇಕು ಅಂತ ಕೇಳಿದಂಗ ಆಗ್ತಿತ್ತು ನನಗ. ತಡಕೊಳ್ಳಾಕ ಆಗ್ಲಿಲ್ಲ. ಉಳಿದ ಮನಿಯವರಿಗೂ ಹಂಗ ಆಗ್ತದಲ್ಲ ಅಂತ ಒಂದು ಸಾಲು ಬರೆದು ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳೋ ಅಂಥಾದ್ದು ಏನಿತ್ತು ಅದರಾಗ.”

ಕೋಣೆಯಲ್ಲಿ ಗೋಡೆಯ ಪರದೆ ತನ್ನಷ್ಟಕ್ಕೆ ಊರಿನ ಹೆಸರುಗಳನ್ನು ತೋರಿಸುತ್ತಲೇ ಇತ್ತು. ನೀಲಗಂಗಾ ಎರಡೂ ಕಡೆ ತೂಗಿ ನೋಡಿದಳು. ತಪ್ಪೆಂದು ಹೇಳಿದರೆ ಮಗನಾದದ್ದು ತಪ್ಪೆಂದಂತೆ; ತಪ್ಪಲ್ಲವೆಂದರೆ ಜಂಬಣ್ಣನ ತೊದಲು ಮಾತಿಗೆ ಯಾರು ಹೊಣೆ? ಅವರ ಮೇಲೆ ಅವಳಿಗೆ ಮರುಕ ಹುಟ್ಟಿತು, ಹಲೀಮಾಬಿಯ ಪರವಾಗಿ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಕೇಳಿದಳು.

“ಆ ಸಾಲು ತಗದುಬಿಡ್ಲೇನ್ರಿ?”

ರೇವಣಸಿದ್ಧ ಕನ್ನಡಕ ಮತ್ತೆ ಹಾಕಿಕೊಂಡರು. “ನೀ ಹೇಳು.”

“ಇರ್ಲಿ ಬಿಡ್ರಿ. ಸತ್ತವರ ಹೆಸರಿಗೆ ಹನಿ ಬ್ಯಾಡ. ಅದರ ಕೆಳಗ ಇನ್ನೊಂದು ಸಾಲು ಬರೀತೀನಿ. ಬದುಕಿದ್ದವರಿಗೆ ತೋರಿಸು ಅಂತ.”

ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬದುಕಿದ್ದವರ ಬಗ್ಗೆ ಯಾರೂ ಬರೆಯದೆ ಬಿಟ್ಟದ್ದನ್ನು ಅವಳು ಬರೆದು, ಸಾಲು ಕೈಬದಲಾಗುವ ಮೊದಲು ಪ್ರತಿಸಲ ಅದನ್ನು ಒರೆಸಿ ಸ್ವಚ್ಛ ಮಾಡುವಂತೆ ಇನ್ನೊಂದು ಮಾತು ಸೇರಿಸಿ, ನಾಲ್ಕಾರು ಫೋನುಗಳಲ್ಲಿ ತಳ್ಳಿ ತಳ್ಳಿ ನೋಡಿದಳು. ಹನಿ ಈ ಸಲ ಎಲ್ಲೂ ಅಡಗಲಿಲ್ಲ. ಅದೇ ಸಂಜೆ ಎಲ್ಲ ಓಣಿಯಕ್ಕಂದಿರ ಫೋನಿಗೂ ಹೊಸ ಆ್ಯಪು ಹೋಯಿತು.

“ನಾಳೆ ಸಭೆಯಾಗ ನಾ ಮಾತಾಡ್ಲೇನ್ರಿ? ಆ್ಯಪಿನ ದೋಷ ಅಂತ ಹೇಳಿದ್ರ ಸಾಕಾಗ್ತದ,” ಎಂದಳು ನೀಲಗಂಗಾ. ಅವರ ಹೆಸರು ಬಾರದ ಹಾಗೆ ಹೇಳುವ ದಾರಿ ಅದು. ಇಬ್ಬರಿಗೂ ಗೊತ್ತಿತ್ತು.

“ಫೋನು ಕಸಗೊಳ್ಳಾಕ ಸಭೆ ಕರೆದವ ನಾನು,” ಎಂದರು ರೇವಣಸಿದ್ಧ. “ಮಾತೂ ನಂದ.”

ಕಲ್ಲುಬಾವಿ ಓಣಿಯ ಜನ ಮರುದಿನ ಬಾವಿಕಟ್ಟೆಯ ಹತ್ತಿರ ಸೇರಿದರು. ಸೈರನ್ನಿಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಆದರೆ ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು. ಹಲೀಮಾಬಿ ಒಂದು ಕಡೆ, ಓಣಿ ಒಂದು ಕಡೆ. ಸುಗಲಮ್ಮ ಬಂದಿರಲಿಲ್ಲ. ಆಸ್ಪತ್ರೆಯಿಂದ ನಡೆದುಕೊಂಡೇ ಈಗ ತಾನೇ ಬಂದು ಕದ ಹಾಕಿಕೊಂಡಳೆಂದು, ಹಲೀಮಾಬಿಯ ಮುಖ ನೋಡುವುದಿಲ್ಲ ಎಂದಳೆಂದು ಯಾರೋ ಹೇಳಿದರು.

ರೇವಣಸಿದ್ಧ ನಿಂತುಕೊಂಡು ಹೇಳಿದರು. ಸುತ್ತಿ ಬಳಸಲಿಲ್ಲ. ಹನಿ ಹಲೀಮಾಬಿಗೆ ಕಂಡಿರಲಿಲ್ಲ, ಕಾಣದ ಹಾಗೆ ಮಾಡಿದ್ದು ತಾವು ಬರೆದ ಒಂದು ಸಾಲು, ಬರೆದದ್ದು ತಮ್ಮ ತಾಯಿಯ ಸಲುವಾಗಿ. ನಂಬದವರು ನೋಡಿಕೊಳ್ಳಲಿ ಎಂದು ಹಳೆಯ ಆ್ಯಪನ್ನೂ ಆ ದಿನದ ಪಟ್ಟಿಯನ್ನೂ ಉಳಿಸಿದ್ದ ಒಂದು ಫೋನನ್ನು ಜನರ ಕೈಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಹೆಬ್ಬೆರಳುಗಳು ತಳ್ಳಿದವು. ಎದುರು ಮನೆಯವಳು ಎರಡು ಸಲ ತಳ್ಳಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಲೀಮಾಬಿಯವರ,” ಎಂದು ರೇವಣಸಿದ್ಧ ಅವಳ ಕಡೆ ತಿರುಗಿದರು. “ನಿಮ್ಮನ್ನ ಸುಳ್ಳಿ ಮಾಡಿದೆ. ನನಗ...”

ಹಲೀಮಾಬಿ ಅವರನ್ನು ನೋಡುತ್ತಿರಲಿಲ್ಲ. ರೂಢಿಯಂತೆ ಹೆಬ್ಬೆರಳು ತನ್ನ ಫೋನಿನ ಮೇಲೆ ಓಡುತ್ತಿತ್ತು, ನಿಂಗಪ್ಪನಿಂದ ಹಿಡಿದು ಕೆಳಕ್ಕೆ. ಜಂಬಣ್ಣ ಬಂದ. ಅವನ ಕೆಳಗಿನ ಸಾಲಿನಲ್ಲಿ ಹನಿ ಇತ್ತು.

“ಆಮ್ಯಾಲ ಮಾತಾಡೂಣ್ರಿ,” ಎಂದು ಅವಳು ಎದ್ದಳು. ಕಟ್ಟೆಯ ಮೇಲಿನ ಕೌದಿಯನ್ನು ಬಾವಿಯ ತೊಟ್ಟಿಯಲ್ಲಿ ಅದ್ದಿ ಹೆಗಲಿಗೆ ಹಾಕಿ, ಕೊಡ ತುಂಬಿಕೊಂಡು ಸುಗಲಮ್ಮನ ಮನೆಯ ಕಡೆ ನಡೆದಳು. ನೀಲಗಂಗಾ ಹಿಂದೆಯೇ ಓಡಿದಳು. ಓಣಿಯೂ ಬಂತು.

ಹಲೀಮಾಬಿ ಕದ ತಟ್ಟಿದಳು. “ಸುಗಲಮ್ಮ. ನೀರು ತಂದೀನಿ.”

ಒಳಗಿನಿಂದ ಉತ್ತರವಿಲ್ಲ. ಯಾರೋ ಗಂಡಸು ಕದ ಮುರಿಯಲು ಮುಂದೆ ಬಂದ. ಹಲೀಮಾಬಿ ಕೈ ಅಡ್ಡ ಹಿಡಿದಳು. ಒಳಗೆ ಬಳೆಯ ಸದ್ದು ಅವಳಿಗೆ ಕೇಳಿಸಿತ್ತು.

“ಸುಗಲಮ್ಮ,” ಎಂದಳು ಮತ್ತೆ, ತನ್ನ ಹಳೆಯ ದೊಡ್ಡ ಗಂಟಲಿನಲ್ಲಿ. “ನಲ್ಲಿ ಜಗಳ ನಾಳೆ ಮಾಡೂಣಂತ. ಇವತ್ತು ಕದ ತಗಿ.”

ಅಗುಳಿ ಸರಿಯಿತು. ಸುಗಲಮ್ಮ ಕದ ಹಿಡಿದೇ ನಿಂತಿದ್ದಳು. ಮುಖ ಕೆಂಪಗೆ, ಒಣಗಿ ಸುಣ್ಣದ ಗೋಡೆಯ ಹಾಗೆ ಬಿರುಸಾಗಿತ್ತು. ಕಣ್ಣು ಎಲ್ಲೋ ನೋಡುತ್ತಿದ್ದವು. ಹೊಸ್ತಿಲ ಮೇಲೆ ಕುಸಿಯುವ ಮೊದಲು ಹಲೀಮಾಬಿ ಅವಳನ್ನು ಹಿಡಿದು, ಕೌದಿ ಸುತ್ತಿ, ತನ್ನ ತೊಡೆಗೆ ಒರಗಿಸಿಕೊಂಡಳು. ಕುತ್ತಿಗೆಗೆ, ಕಂಕುಳಿಗೆ, ಪಾದಕ್ಕೆ ನೀರು ಹಾಕಿದಳು. ಎದುರು ಮನೆಯವಳು ಹೇಳದೆಯೇ ಬೀಸಣಿಗೆ ಹಿಡಿದು ಕೂತಳು. ರೇವಣಸಿದ್ಧ ಖಾಲಿಯಾದ ಕೊಡ ತೆಗೆದುಕೊಂಡು ಬಾವಿಗೆ ಹೋದರು. ತುಂಬಿ ತಂದರು. ಮತ್ತೆ ಹೋದರು.

ಸೈರನ್ ಕೂಗಿತು. ಯಾರೂ ಮನೆಗೆ ಹೋಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸುಗಲಮ್ಮನ ಕಣ್ಣು ಹಲೀಮಾಬಿಯ ಮುಖದ ಮೇಲೆ ನಿಂತವು. ಗುರುತು ಸಿಕ್ಕಿತು.

“ಅವತ್ತ ಕಂಡಿದ್ದಿಲ್ಲೇನು ನಿನಗ?”

“ಇಲ್ಲವ್ವ. ಕಂಡಿದ್ದಿಲ್ಲ.”

ಸುಗಲಮ್ಮ ಲೋಟಕ್ಕೆ ಕೈ ಚಾಚಿದಳು. ಹಲೀಮಾಬಿ ಹಿಡಿದ ಲೋಟದಿಂದಲೇ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು.

“ಕಂಡಿದ್ರ ಬರ್ತಿದ್ದಿ ಬಿಡು,” ಎಂದಳು.

ಹಲೀಮಾಬಿ ಲೋಟ ಕೆಳಗಿಟ್ಟಳು. ಇಷ್ಟು ದಿನ ತಡೆದುಕೊಂಡಿದ್ದವಳು ಓಣಿಯೆಲ್ಲ ನೋಡುತ್ತಿರುವಾಗ ಅತ್ತಳು. ಅವಳ ಫೋನು ಹೊಸ್ತಿಲ ಬದಿಗೆ ಬಿದ್ದಿತ್ತು. ನೀಲಗಂಗಾ ಎತ್ತಿಕೊಂಡು ನೋಡುವಷ್ಟರಲ್ಲಿ ಸುಗಲಮ್ಮನ ಹೆಸರಿನ ಪಕ್ಕದ ಹನಿ ಮಸುಕಾಗಿ, ಹೊರಟುಹೋಯಿತು. ಬಿಲ್ಲೆಗೆ ತಾಗಿದ್ದು ಬರೀ ಕೊಡದ ನೀರೂ ಇರಬಹುದು. ಸಂಶಯದ ಹೆಣ್ಣು, ಪರದೆಯನ್ನು ನಂಬಲಿಲ್ಲ. ಬಗ್ಗಿ ಸುಗಲಮ್ಮನ ಹಣೆಯನ್ನು ಕೈಯಿಂದ ಮುಟ್ಟಿದಳು. ಕೌದಿಯ ನೀರು ತಾಗದ ಜಾಗದಲ್ಲಿ, ಕೂದಲಂಚಿನಲ್ಲಿ, ಬೆವರು ಬಂದಿತ್ತು.